ಹಳದಿಯನ್ನು ಹಸಿರು ಮಾಡಿದವನು

ಬೀದಿಯ ಮಕ್ಕಳು ಅವನನ್ನು ಲಿಫ್ಟ್ ಮಾಮ ಎಂದು ಕರೆಯುತ್ತಿದ್ದರು. ಮಕ್ಕಳ ಬಾಯಿಂದ ಆ ಹೆಸರು ದೊಡ್ಡವರ ಬಾಯಿಗೂ ಹತ್ತಿ, ಅವನ ಸ್ವಂತ ಹೆಸರು ಯಾವುದಾದರೂ ಅರ್ಜಿ ತುಂಬುವಾಗ ಮಾತ್ರ ಹೊರಗೆ ಬರುವಂತಾಗಿತ್ತು. ಊರಿನ ಹನ್ನೊಂದು ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಜನ ಮೇಲೆ ಹೋಗಿ ಕೆಳಗೆ ಬರುವುದು ತನ್ನ ದಯೆಯಿಂದಲೇ ಎಂಬ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಹೆಮ್ಮೆಪಡಲಿ ಬಿಡಿ, ಇಪ್ಪತ್ತಾರು ವರ್ಷದಲ್ಲಿ ಅವನ ಒಂದು ಲಿಫ್ಟೂ ಯಾರಿಗೂ ಏಟು ಮಾಡಿರಲಿಲ್ಲ.

ಅದಕ್ಕೆ ಕಾರಣ ಅವನ ದೀಪದ ಹುಚ್ಚು. ಪ್ರತಿ ಕಟ್ಟಡದ ತುದಿಯಲ್ಲೂ ಒಂದು ಸಣ್ಣ ಕೋಣೆ ಇರುತ್ತದೆ; ಅಲ್ಲಿ ಮೋಟಾರು, ಅದರ ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಾಲಾಗಿ ಪುಟ್ಟ ದೀಪಗಳು. ಎಲ್ಲ ಮಹಡಿಯ ಬಾಗಿಲುಗಳೂ ಸರಿಯಾಗಿ ಮುಚ್ಚಿದ್ದರೆ ದೀಪ ಹಸಿರು. ಒಂದು ಬಾಗಿಲು ಬೆರಳಿನಷ್ಟು ತೆರೆದಿದ್ದರೂ ಹಸಿರು ಹೋಗಿ ಕೆಂಪು ಬರುತ್ತದೆ. ಹಸಿರು ಬರುವವರೆಗೆ ಲಿಫ್ಟ್ ಮಾಮ ಆ ಕೋಣೆ ಬಿಟ್ಟು ಇಳಿಯುತ್ತಿರಲಿಲ್ಲ. ಊಟ ಆರಿ ತಣ್ಣಗಾಗಲಿ, ಹೆಂಡತಿ ಹತ್ತು ಸಲ ಫೋನ್ ಮಾಡಲಿ, ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಒಮ್ಮೆ ಯಾರೂ ಕೇಳದಿದ್ದರೂ ನಾಲ್ಕನೇ ಮಹಡಿಯ ಗುಂಡಿಯ ದೀಪ ಮಂಕಾಗಿದೆ ಎಂದು ಇಡೀ ಭಾನುವಾರ ಕಳೆದು ಬಂದಿದ್ದ. "ನಾನೂ ಒಂದು ದೀಪ ಹಚ್ಕೊಂಡು ಕೂತ್ಕೊಳ್ತೀನಿ, ಆಗಲಾದ್ರೂ ನನ್ನ ಕಡೆ ನೋಡ್ತೀರಾ" ಎಂದು ಹೆಂಡತಿ ಕೆಣಕಿದ್ದಳು.

ಊರೆಲ್ಲ ಹೊಗಳಿದ ಈ ಗುಣವೇ ಒಂದು ದಿನ ಅವನ ತಂಗಿಯ ಬದುಕಿನ ಮೇಲೆ ಕಲ್ಲು ಹಾಕಿತು. ಹಾಕಿದ ಕೈ ತನ್ನದು ಎಂದು ಅವನು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ತಂಗಿ ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು. ಊರಾಚೆಯ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ನೀರು ಪರೀಕ್ಷಿಸುವ ಕೆಲಸ. ಕಾರ್ಖಾನೆ ಬಿಡುವ ನೀರು ಎಷ್ಟು ಕೊಳಕು ಎಂದು ತಿಂಗಳಿಗೊಮ್ಮೆ ವರದಿ ಬರೆಯಬೇಕು. ಅವಳು ಬರೆದದ್ದು ಒಂದು, ಮ್ಯಾನೇಜರ್ ಸಹಿ ಹಾಕಿ ಕಳಿಸುತ್ತಿದ್ದದ್ದು ಇನ್ನೊಂದು. ಆ ನೀರು ಹರಿಯುವ ಕಾಲುವೆಯ ಕೆಳಗಿನ ಮನೆಗಳವರು ಅದೇ ನೀರು ಇಂಗುವ ನೆಲದಲ್ಲಿ ಕೊಳವೆ ಬಾವಿ ಕೊರೆಸಿಕೊಂಡಿದ್ದರು. ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದ ತಂಗಿ ಕೊನೆಗೆ ನಿಜವಾದ ಅಂಕಿಗಳನ್ನು ಒಬ್ಬ ಪತ್ರಿಕೆಯವನಿಗೆ ಕಳಿಸತೊಡಗಿದಳು. ಅವನ ಮುಖ ಅವಳು ನೋಡಿರಲಿಲ್ಲ, ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಹಾಗೆ ಗುಟ್ಟಾಗಿ ಕಳಿಸಲೆಂದೇ ಇರುವ ಒಂದು ಜಾಲವಿತ್ತು. ಅದರ ತಂತ್ರಾಂಶವನ್ನು ಅವಳು ಮನೆಯ ಹಳೇ ಕಂಪ್ಯೂಟರಿಗೆ ಹಾಕಿದ್ದಳು.

ಆ ಜಾಲಕ್ಕೆ ನಡುವೆ ಯಜಮಾನ ಅಂತ ಯಾರೂ ಇಲ್ಲ. ಸೇರಿಕೊಂಡವರ ಯಂತ್ರಗಳೇ ಒಬ್ಬರ ಗಂಟನ್ನು ಇನ್ನೊಬ್ಬರಿಗೆ ದಾಟಿಸುತ್ತಾ ಹೋಗುತ್ತವೆ. ಗಂಟಿನಲ್ಲಿ ಏನಿದೆ, ಯಾರು ಯಾರಿಗೆ ಕೊಟ್ಟರು ಎಂದು ದಾಟಿಸುವವರಿಗೂ ತಿಳಿಯುವುದಿಲ್ಲ. ಆದರೆ ಜಾಲದಲ್ಲಿ ಯಾವ ಯಾವ ಮನೆ ಇದೆ ಎಂಬ ಪಟ್ಟಿ ಮಾತ್ರ ಎಲ್ಲರಿಗೂ ಕಾಣುತ್ತದೆ. ದೊಡ್ಡ ಊರಿನಲ್ಲಿ ಅದರಿಂದ ಏನೂ ಆಗದು, ಸಾವಿರ ಮನೆಯಲ್ಲಿ ಇದೂ ಒಂದು. ಚಿಕ್ಕ ಊರಿನಲ್ಲಿ ಆ ಪಟ್ಟಿಗೆ ಸೇರಿದ ಒಂದೇ ಮನೆ ಅಂದರೆ ಬಾಗಿಲಿಗೆ ಬೋರ್ಡು ಹಾಕಿಕೊಂಡ ಹಾಗೇ. ಅದಕ್ಕೇ ತಂಗಿ ತಂತ್ರಾಂಶದಲ್ಲಿ ಅಡಗಿರಬೇಕು ಎಂದು ಹೇಳುವ ಚೌಕಕ್ಕೆ ಟಿಕ್ ಹಾಕಿದ್ದಳು. ಆಗ ಮನೆಯ ವಿಳಾಸ ಪಟ್ಟಿಗೆ ಹೋಗುವುದಿಲ್ಲ. ಯಂತ್ರ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಪರದೆಯ ಮೂಲೆಯ ದೀಪ ಮಾತ್ರ ಹಸಿರಿಗೆ ಬದಲು ಹಳದಿಯಾಗಿರುತ್ತದೆ, ಪಕ್ಕದಲ್ಲಿ "ಹಿಡನ್", ಅಂದರೆ ಅಡಗಿದೆ, ಎಂದು ಬರೆದಿರುತ್ತದೆ.

ಒಮ್ಮೆ ಏಳು ದಿನದ ತರಬೇತಿಗೆಂದು ಕಾರ್ಖಾನೆ ಅವಳನ್ನು ಬೇರೆ ಊರಿಗೆ ಕಳಿಸಿತು. ಯಂತ್ರವನ್ನು ಆರಿಸಿದರೆ ಅದು ಮತ್ತೆ ನೆರೆಯ ಯಂತ್ರಗಳ ಪರಿಚಯ ಮಾಡಿಕೊಳ್ಳಲು ಹೊತ್ತು ಹಿಡಿಯುತ್ತದೆ, ಪತ್ರಿಕೆಯವನ ಉತ್ತರ ಬೇರೆ ಬರುವುದಿತ್ತು. ಹೊರಡುವ ಬೆಳಿಗ್ಗೆ ಅವಳು ಅಣ್ಣನನ್ನು ಕೂರಿಸಿ ಎಲ್ಲ ವಿವರಿಸಿದಳು. ಕೂರಿಸಿದಳು ಅಂದರೆ, ಅವನು ಕೂತಿದ್ದು ಅವಳ ಕೋಣೆಯ ಸ್ವಿಚ್ ಬೋರ್ಡಿನ ಎದುರು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು. ಇದರಲ್ಲಿ ಹಳದಿ ಅಂದರೆ ಕೆಟ್ಟಿದೆ ಅಂತಲ್ಲ, ನಾವೇ ಬೇಕೆಂದು ಬಾಗಿಲು ಹಾಕಿಕೊಂಡಿದ್ದೇವೆ ಅಂತ ಅರ್ಥ ಎಂದು ಅವಳು ಹೇಳಿದ್ದು ನಿಜ. ಅವನು ಹೂಂಗುಟ್ಟಿದ್ದೂ ನಿಜ. ಆದರೆ ಒಂದು ಕಿವಿ ಸ್ವಿಚ್ಚಿನ ಕಡೆಗಿತ್ತು.

"ಆರಬಾರದು ಅಷ್ಟೇ. ಬಣ್ಣ ಯಾವುದೇ ಇರಲಿ, ನೀನು ಮುಟ್ಬೇಡ ಅಣ್ಣ" ಎಂದಳು ಅವಳು ಕೊನೆಗೆ.

ಮುಟ್ಟುವುದಿಲ್ಲ ಎಂದ. ಎರಡು ದಿನ ಮುಟ್ಟಲೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಮೆಟ್ಟಿಲು ಹತ್ತಿ ನೋಡುತ್ತಿದ್ದ. ಹಳದಿ. ಮತ್ತೂ ಹಳದಿ. ಇಪ್ಪತ್ತಾರು ವರ್ಷ ಹಸಿರಲ್ಲದ ದೀಪಕ್ಕೆ ಬೆನ್ನು ತಿರುಗಿಸದ ಮನುಷ್ಯ, ತನ್ನದೇ ಮನೆಯ ಮಾಡಿನ ಕೆಳಗೆ ಹಳದಿ ಇಟ್ಟುಕೊಂಡು ಊಟಕ್ಕೆ ಕೂರಬೇಕು. ತಟ್ಟೆ ಅರ್ಧಕ್ಕೇ ಸರಿಸಿ ಎದ್ದ. ಪಾಪ, ತಂಗಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಹೇಗೋ ನಡೆದರೆ ಸಾಕು ಎಂದು ಬಿಟ್ಟಿದ್ದಾಳೆ ಎನಿಸಿತು. ಬರುವುದರೊಳಗೆ ಸರಿಮಾಡಿಟ್ಟರೆ ಎಷ್ಟು ಸಂತೋಷಪಟ್ಟಾಳು ಎನಿಸಿತು. ಮೂರನೇ ದಿನ ಕೈ ತಡೆಯಲಿಲ್ಲ. ದೀಪದ ಮೇಲೆ ಒತ್ತಿದ, ಒಂದು ಪುಟ ತೆರೆದುಕೊಂಡಿತು, ಟಿಕ್ ಹಾಕಿದ ಚೌಕ ಕಂಡಿತು, ಟಿಕ್ ತೆಗೆದ.

ದೀಪ ಆಗಲೂ ಹಳದಿಯೇ. ಆದರೆ ಪಕ್ಕದ ಮಾತು ಬದಲಾಗಿ "ಫೈರ್‌ವಾಲ್ಡ್" ಎಂದಾಗಿತ್ತು. ಹೊರಗಿನವರು ನಿಮ್ಮನ್ನು ನೇರವಾಗಿ ತಲುಪಲು ಆಗುತ್ತಿಲ್ಲ ಎಂದು ಕೆಳಗೆ ಬರೆದಿತ್ತು. ಅಲ್ಲಿಗೇ ಬಿಡುವ ಆಸಾಮಿಯೇ ಅವನು? ಇಂಟರ್‌ನೆಟ್ ಕೊಟ್ಟಿದ್ದ ಕೇಬಲ್‌ನವನನ್ನು ಕರೆಸಿದ. ಅವನು ಅರ್ಧ ಕಪ್ ಟೀ ಕುಡಿಯುವುದರೊಳಗೆ ಗೋಡೆಯ ಮೇಲಿನ ಡಬ್ಬಿಯಲ್ಲಿ ಹೊರಗಿನಿಂದ ಒಳಬರಲು ಒಂದು ದಾರಿ ತೆಗೆದುಕೊಟ್ಟ. ಐದು ನಿಮಿಷ ಇಬ್ಬರೂ ಪರದೆ ನೋಡುತ್ತಾ ನಿಂತರು. ದೀಪ ಹಸಿರಾಯಿತು. ಲಿಫ್ಟ್ ಮಾಮ ತನ್ನ ಬೆನ್ನು ತಾನೇ ತಟ್ಟಿಕೊಂಡ. ಅಂದು ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ಲಿಫ್ಟಿನಲ್ಲಿ ಹಸಿರು ಅಂದರೆ ಎಲ್ಲ ಬಾಗಿಲೂ ಮುಚ್ಚಿದೆ ಎಂದು. ಇಲ್ಲಿ ಹಸಿರು ಅಂದರೆ ಬಾಗಿಲು ತೆರೆದಿದೆ, ಯಾರು ಬೇಕಾದರೂ ಬಂದು ತಟ್ಟಬಹುದು ಎಂದು. ಇಷ್ಟು ಸಣ್ಣ ವಿಷಯ ಅವನ ತಲೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದಕ್ಕಿಂತ, ತಂಗಿ ಬಾಯಿಬಿಟ್ಟು ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಕೇಬಲ್‌ನವನು ದಾರಿಯಲ್ಲಿ ಸಿಕ್ಕಿ ನಗುತ್ತಾ ಸುದ್ದಿ ಹೇಳಿದ. ಕಾರ್ಖಾನೆಗೂ ಅವನದೇ ಇಂಟರ್‌ನೆಟ್. ಒಳಗಿನ ಅಂಕಿಗಳು ಹೊರಗೆ ಹೋಗುತ್ತಿವೆ ಎಂದು ಅಲ್ಲಿ ಗುಸುಗುಸು ಎದ್ದಿತ್ತಂತೆ. ಅಲ್ಲಿಯ ಕಂಪ್ಯೂಟರಿನವನು ಯಾವುದೋ ಗುಟ್ಟಿನ ಜಾಲದ ಪಟ್ಟಿ ತೆಗೆದು ನೋಡಿದರೆ, ಈ ಊರಿನದು ಒಂದೇ ಒಂದು ವಿಳಾಸ ಸಿಕ್ಕಿತಂತೆ, ಅದೂ ನಾಲ್ಕೈದು ದಿನದಿಂದ ಈಚೆಗೆ. ಇದು ಯಾರ ಮನೆ ಎಂದು ಕೇಳಿದ್ದಕ್ಕೆ, ಅಯ್ಯೋ ಅದು ನಮ್ಮ ಲಿಫ್ಟ್ ಮಾಮನ ಮನೆ, ನಾನೇ ಹೋಗಿ ದಾರಿ ತೆಗೆದುಕೊಟ್ಟೆ ಎಂದು ಇವನು ಹೇಳಿದನಂತೆ. ಅವನ ಮಾತಿನಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ಗಿರಾಕಿಗೆ ಸಹಾಯ ಮಾಡಿದ ಖುಷಿ ಮಾತ್ರ ಇತ್ತು.

ಲಿಫ್ಟ್ ಮಾಮ ಅಲ್ಲೇ ಫೋನ್ ತೆಗೆದ. ಕಾರ್ಖಾನೆಯ ಲಿಫ್ಟ್ ನೋಡಿಕೊಳ್ಳುತ್ತಿದ್ದವನೂ ಅವನೇ. ಲ್ಯಾಬಿನಲ್ಲಿರುವವಳು ಅವನ ತಂಗಿ ಎಂದು ಅಲ್ಲಿಯ ಗೇಟಿನವನಿಗೂ ಗೊತ್ತಿತ್ತು. ಫೋನ್ ಮಾಡಿದರೆ ತಂಗಿ ಎತ್ತಲಿಲ್ಲ. ಬಸ್ಸಿಳಿದವಳೇ ನೇರ ಕಾರ್ಖಾನೆಗೆ ಬರಬೇಕೆಂದು ಅವಳಿಗೆ ಆಗಲೇ ಕರೆ ಹೋಗಿತ್ತು. ಅಲ್ಲಿ ಎಲ್ಲರೆದುರು ಅವಳ ಮೇಜಿನ ಡ್ರಾಯರ್ ಬರಿದು ಮಾಡಿದರು. ನಾಲ್ಕು ವರದಿ ಆಗಲೇ ಪತ್ರಿಕೆಯವನಿಗೆ ಹೋಗಿದ್ದವು, ಇನ್ನೂ ಕಳಿಸದೆ ಇಟ್ಟಿದ್ದ ಐದನೇ ವರದಿಯ ಪ್ರತಿ ಸಿಕ್ಕಿತು. ಕೊಳವೆ ಬಾವಿಗಳ ನೀರಿನ ಅಂಕಿ ಇದ್ದದ್ದು ಅದರಲ್ಲೇ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ತಮಗೆ ಹೇಗೆ ತಿಳಿಯಿತೆಂದು ಬಾಯಿಬಿಡದೆ ಅದನ್ನು ಕಿತ್ತುಕೊಂಡು ಅವಳನ್ನು ಹೊರಗೆ ಹಾಕಿದರು.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಅವಳು ಅಳಲಿಲ್ಲ. ಯಾರೋ ಹೇಳಿಬಿಟ್ಟಿದ್ದಾರೆ ಅಣ್ಣ ಎಂದಷ್ಟೇ ಹೇಳಿ ಮುಖ ತೊಳೆಯಲು ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ಕೇಳುತ್ತಿತ್ತು. ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ದೀಪ ಹಸಿರು ಕಣ್ಣು ಬಿಟ್ಟುಕೊಂಡು ಕೂತಿತ್ತು. ಚೌಕಕ್ಕೆ ಮತ್ತೆ ಟಿಕ್ ಹಾಕಿದ. ಹಳದಿ ಬಂತು. ಜೀವಮಾನದಲ್ಲಿ ಮೊದಲ ಸಲ ಹಳದಿ ನೋಡಿ ಅವನಿಗೆ ಉಸಿರು ಬಂದಂತಾಯಿತು. ಆ ಉಸಿರಿಗಾಗಿ ಅವನು ಆಮೇಲೆ ತನ್ನನ್ನು ತಾನು ಬೈದುಕೊಂಡಷ್ಟು ಬೇರೆ ಯಾವುದಕ್ಕೂ ಬೈದುಕೊಂಡಿಲ್ಲ.

ಸಂಜೆ ತಂಗಿ ಯಂತ್ರದ ಮುಂದೆ ಕೂತು ನೋಡಿದಳು. ಹಳದಿ, ಹಿಡನ್, ತಾನು ಬಿಟ್ಟುಹೋದ ಹಾಗೇ. ಯಂತ್ರದಿಂದ ಏನೂ ಆಗಿಲ್ಲ, ಹಾಗಿದ್ದರೆ ಮನುಷ್ಯರೇ ಎಂದಳು. ವಿಷಯ ಗೊತ್ತಿದ್ದದ್ದು ಮೂವರಿಗೆ. ಅವಳು, ಅಣ್ಣ, ಮತ್ತೆ ಗಾಜಿನಕ್ಕ. ಅಣ್ಣನ ಮೇಲೆ ಅನುಮಾನಪಡುವುದು ಅವಳಿಗೆ ಗೊತ್ತೇ ಇರಲಿಲ್ಲ.

ಗಾಜಿನಕ್ಕ ಲ್ಯಾಬಿನ ಸೀಸೆ, ಲೋಟ, ಕೊಳವೆ ತೊಳೆಯುವ ಹೆಂಗಸು. ಹತ್ತೊಂಬತ್ತು ವರ್ಷದಲ್ಲಿ ಒಂದು ಗಾಜೂ ಅವಳ ಕೈಯಿಂದ ಜಾರಿರಲಿಲ್ಲ, ಅದರಿಂದಲೇ ಆ ಹೆಸರು. ಕೈ ಅಷ್ಟು ಬಿಗಿ, ಬಾಯಿ ಅಷ್ಟೇ ಸಡಿಲ. ಬೆಳಿಗ್ಗೆ ಗೇಟಿನಲ್ಲಿ ಶುರುಮಾಡಿದ ಮಾತನ್ನು ಸಂಜೆ ಗೇಟು ದಾಟಿದ ಮೇಲೇ ನಿಲ್ಲಿಸುವವಳು. ತಂಗಿಗೆ ಅವಳೆಂದರೆ ಪ್ರಾಣ. ಸರಿಯಾದ ವರದಿಯನ್ನು ಎರಡನೇ ಸಲ ಬರೆದುಕೊಳ್ಳುವಾಗ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದವಳು ಅವಳೇ.

ಮಾರನೇ ದಿನ ಗಾಜಿನಕ್ಕ ತಾನಾಗಿಯೇ ಬಂದಳು. ತಂಗಿ ಕೇಳಿದ್ದು ಒಂದೇ ಮಾತು, ಯಾರ ಹತ್ತಿರವಾದರೂ ಹೇಳಿದ್ರಾ ಎಂದು. ಗಾಜಿನಕ್ಕ ತುಂಬ ಹೊತ್ತು ಯೋಚಿಸಿದಳು. ಹೋದ ವಾರ ಕ್ಯಾಂಟೀನಿನಲ್ಲಿ ಯಾರೋ ತಂಗಿಯನ್ನು ಅಹಂಕಾರಿ ಅಂದಾಗ, ಅವಳು ಮಾಡೋ ಕೆಲಸ ನಿಮಗೆ ಗೊತ್ತಾದ್ರೆ ಕೈ ಮುಗೀತೀರಿ ಎಂದು ತನ್ನ ಬಾಯಿಂದ ಬಂದಿತ್ತು ಎಂದಳು. ಅಷ್ಟೇ ಹೇಳಿದ್ದು, ಆದರೆ ಅಷ್ಟು ಸಾಕಾಯಿತೇನೋ, ನನ್ನಿಂದಲೇ ಆಯಿತು ಎಂದು ನೆಲದ ಮೇಲೆ ಕುಸಿದು ಅತ್ತಳು. ತಂಗಿ ಬೈಯಲಿಲ್ಲ, ಕೂಗಾಡಲಿಲ್ಲ. ಇನ್ನು ಈ ಮನೆಗೆ ಬರಬೇಡಿ ಎಂದು ಮೆಲ್ಲಗೆ ಹೇಳಿ ಬಾಗಿಲು ತೋರಿಸಿದಳು.

ಲಿಫ್ಟ್ ಮಾಮ ಪಕ್ಕದ ಕೋಣೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ಹೊರಗೆ ಬಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇವತ್ತು ಬೇಡ, ತಂಗಿಯ ಕೋಪ ಇಳಿಯಲಿ, ನಾಳೆ ಹೇಳುತ್ತೇನೆ ಅಂದುಕೊಂಡ. ಆ ನಾಳೆಗೆ ನಾಲ್ಕು ವರ್ಷ ಹಿಡಿಯಿತು.

ಪತ್ರಿಕೆಯಲ್ಲಿ ನಾಲ್ಕು ವರದಿಗಳನ್ನಿಟ್ಟುಕೊಂಡು ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬಂತು. ಐದನೆಯದಿಲ್ಲದೆ ಅದಕ್ಕೆ ಬಲ ಬರಲಿಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಂಗಿಗೆ ರಕ್ತಪರೀಕ್ಷೆಯ ಅಂಗಡಿಯೊಂದರಲ್ಲಿ ಚೀಟಿ ಬರೆದುಕೊಡುವ ಕೆಲಸ ಸಿಕ್ಕಿತು. ಲಿಫ್ಟ್ ಮಾಮ ಅವಳ ಬ್ಯಾಗು ಹೊತ್ತ, ಮಳೆ ಬಂದರೆ ಕೊಡೆ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದ, ಕೆಡದಿದ್ದ ಫ್ಯಾನನ್ನೂ ಬಿಚ್ಚಿ ಎಣ್ಣೆ ಬಿಟ್ಟ. ತಂಗಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತಿದೆ ಎಂದು ಹೆಂಡತಿ ಛೇಡಿಸಿದಳು. ಅದನ್ನಾದರೂ ತಡೆದುಕೊಂಡ. ತಂಗಿ ಒಂದು ದಿನ, ಆ ಕಷ್ಟದಲ್ಲಿ ನೀನೊಬ್ಬನೇ ನನ್ನ ಕೈ ಬಿಡಲಿಲ್ಲ ಅಣ್ಣ ಅಂದಾಗ, ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಅವನು ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದ. ಗಾಜಿನಕ್ಕ ನಿಜವಾಗಿ ಕ್ಯಾಂಟೀನಿನಲ್ಲಿ ಬಾಯಿಬಿಟ್ಟಿದ್ದಳಲ್ಲ, ಅವಳದೂ ಒಂದಿಷ್ಟು ತಪ್ಪು ಇದ್ದೇ ಇದೆ ಎಂದು. ವಾತಾಪಿ ಜೀರ್ಣವಾದ ಹಾಗೆ ಆ ಸಮಾಧಾನ ಅವನ ಹೊಟ್ಟೆಯಲ್ಲಿ ಜೀರ್ಣವಾಗಲೇ ಇಲ್ಲ.

ಮೊನ್ನೆ ಅವನು ಹೊಸದಾಗಿ ವಹಿಸಿಕೊಂಡ ಒಂದು ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ. ಕೆಳಮಹಡಿಯಲ್ಲಿ ಲಿಫ್ಟಿನೊಳಗೆ ನಿಂತು ಗುಂಡಿಗಳನ್ನು ಪರೀಕ್ಷಿಸುತ್ತಿದ್ದಾಗ ಒಬ್ಬ ಹೆಂಗಸು ಒಳಗೆ ಬಂದು ಮೂರು ಒತ್ತಿದಳು. ಗಾಜಿನಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ಹತ್ತಿದ ಇನ್ನೊಬ್ಬಳು ಸೆಖೆಯ ಬಗ್ಗೆ ಏನೋ ಕೇಳಿದರೆ ಇವಳು ತಲೆಯಾಡಿಸಿದಳು, ಮಾತಾಡಲಿಲ್ಲ. ಆ ಇನ್ನೊಬ್ಬಳು ಎರಡರಲ್ಲಿ ಇಳಿದಳು. ಲಿಫ್ಟ್ ಮಾಮ ತಡವರಿಸುತ್ತಾ, ಕಾರ್ಖಾನೆ ಬಿಟ್ರಾ ಅಕ್ಕ ಎಂದು ಕೇಳಿದ. ಬಿಟ್ಟು ಮೂರು ವರ್ಷವಾಯಿತು, ಮೂರನೇ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಸಾಮಾನು ತೊಳೆಯುತ್ತೇನೆ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಏನಕ್ಕ, ಮಾತೇ ಕಮ್ಮಿಯಾಗಿದೆಯಲ್ಲ ಎಂದ ಅವನು, ಏನಾದರೂ ಆಡಬೇಕಲ್ಲ ಎಂದು.

ಬಾಗಿಲು ತೆರೆದುಕೊಂಡಿತ್ತು. ಅವಳು ಹೊರಗೆ ಕಾಲಿಟ್ಟು ತಿರುಗಿದಳು.

"ಮಾತು ಬಿಟ್ಬಿಟ್ಟೆ ಮಾಮ. ಈ ಬಾಯಿಂದ ಒಬ್ಬಳ ಅನ್ನ ಹೋಯ್ತು. ತಂಗೀನ ಕೇಳ್ದೆ ಅಂತ ಹೇಳೋಕೂ ನನಗೆ ಮುಖ ಇಲ್ಲ."

ಅಂದು ಅವನು ಮೇಲಿನ ಕೋಣೆಗೆ ಹೋಗಿ, ಲಿಫ್ಟ್ ನಿಲ್ಲಿಸಿ ಪೆಟ್ಟಿಗೆ ತೆರೆದವನು ಕೆಲಸ ಅರ್ಧಕ್ಕೇ ಬಿಟ್ಟ. ಲಿಫ್ಟಿಗೆ "ಕೆಟ್ಟಿದೆ" ಎಂಬ ಫಲಕ ತಗುಲಿಸಿ, ದೀಪ ಕೆಂಪಗಿರುವಾಗಲೇ ಮೆಟ್ಟಿಲಿಳಿದು ಮನೆಗೆ ಬಂದ. ತಂಗಿಗೆ ಅಂದು ರಜೆ, ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ಟಿಕ್ ತೆಗೆದದ್ದು, ಕೇಬಲ್‌ನವನನ್ನು ಕರೆಸಿದ್ದು, ಅವಳು ಮುಖ ತೊಳೆಯುವಾಗ ಟಿಕ್ ಮತ್ತೆ ಹಾಕಿದ್ದು. ಹೇಳಿ ಮುಗಿಯುವವರೆಗೆ ಅವಳ ಕೈ ಒಂದೇ ಬಟ್ಟೆಯನ್ನು ಮಡಿಸುತ್ತಾ ಬಿಚ್ಚುತ್ತಾ ಇತ್ತು.

"ಗಾಜಿನಕ್ಕ ಬಂದು ಅತ್ತ ದಿನ ನೀನು ಎಲ್ಲಿದ್ದೆ?" ಎಂದು ಕೇಳಿದಳು.

"ಬಾಗಿಲ ಹಿಂದೆ."

ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಅವನು ಬೈಗುಳಕ್ಕೆ ತಲೆ ಬಗ್ಗಿಸಿ ಕಾದ.

"ಹಸಿರು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದು, ಅದಕ್ಕೆ ನಾನೇನೂ ಅನ್ನಲ್ಲ ಅಣ್ಣ" ಎಂದಳು. "ಮತ್ತೆ ಹಳದಿ ಮಾಡಿದ್ಯಲ್ಲ. ಅದು ಗೊತ್ತಿದ್ದೇ ಮಾಡಿದ್ದು. ನಾನು ಅದನ್ನ ನೋಡಿ ಅವರನ್ನ ಹೊರಗೆ ಹಾಕಿದೆ."

ತಂಗಿ ಎದ್ದು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ, ಹಿಂದೆ ನಡೆದ. ದಾರಿಯುದ್ದಕ್ಕೂ ಅವಳು ಹತ್ತು ಹೆಜ್ಜೆ ಮುಂದೆಯೇ ಇದ್ದಳು. ಲಿಫ್ಟಿಗೆ ಅವನೇ ತಗುಲಿಸಿದ ಫಲಕ ನೇತಾಡುತ್ತಿತ್ತು, ಆದ್ದರಿಂದ ಮೂರು ಮಹಡಿ ಮೆಟ್ಟಿಲು ಹತ್ತಿದರು. ಹಲ್ಲಿನ ಡಾಕ್ಟರ ಕೋಣೆಯ ಹಿಂಬದಿಯಲ್ಲಿ, ತೊಟ್ಟಿಯ ಮುಂದೆ ಗಾಜಿನಕ್ಕ ಮೊಣಕೈವರೆಗೂ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದಳು. ತಂಗಿಯನ್ನು ಕಂಡವಳೇ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು, ಮತ್ತೇನು ತಪ್ಪಾಯಿತೋ ಎಂಬಂತೆ.

ತಂಗಿ ಪಕ್ಕಕ್ಕೆ ಸರಿದು ಅಣ್ಣನಿಗೆ ಜಾಗ ಬಿಟ್ಟಳು. ಅವನು ಹೇಳಿದ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಕಂಪ್ಯೂಟರು, ಜಾಲ, ಪಟ್ಟಿ ಎಂದೆಲ್ಲ ಅವನು ತಡವರಿಸುತ್ತಿದ್ದುದು ಅವಳಿಗೆ ಅರ್ಧವೂ ಅರ್ಥವಾಗಲಿಲ್ಲ. ನಿಮ್ಮ ಕ್ಯಾಂಟೀನಿನ ಮಾತಿಗೂ ಇದಕ್ಕೂ ಸಂಬಂಧ ಇಲ್ಲ, ಮನೆ ತೋರಿಸಿಕೊಟ್ಟವನು ನಾನು ಎಂದದ್ದು ಮಾತ್ರ ಅರ್ಥವಾಯಿತು. ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಒರೆಸಿಕೊಳ್ಳಲೂ ಮರೆತು ಸ್ಟೂಲಿನ ಮೇಲೆ ಕೂತಳು. ಬಾಯಿಗೆ ಬಂದಂತೆ ಬೈದರೆ ಸಾಕಿತ್ತು ಎಂದು ಅವನಿಗೆ ಎನಿಸಿತು. ಅವಳು ಬೈಯಲಿಲ್ಲ, ಅವನ ಕಡೆ ನೋಡಲೂ ಇಲ್ಲ.

"ಹಾಗಾದ್ರೆ ನಾನಲ್ಲ" ಎಂದಳು.

"ನೀವಲ್ಲ ಅಕ್ಕ."

ಅವಳ ಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇನ್ನೊಂದ್ಸಲ ಹೇಳಿ" ಎಂದಳು.

ಅವನು ಇನ್ನೊಂದು ಸಲ ಹೇಳಿದ.